ನಾಕು ಬಂದರೆ ಕಾಲು ತೆಗೆಯಿರಿ

ಚನ್ನಗಿರಿ
9 ಜೂನ್ 2024

ದುರುಗೇಶಣ್ಣನಿಗೆ,

ನಿಮ್ಮ ಫೋನಿಗೆ ಹೊಡೆದು ಹೊಡೆದು ನನಗೇ ನಾಚಿಕೆಯಾಯಿತು. ರಿಂಗಾಗುತ್ತದೆ, ನೀವು ಎತ್ತುವುದಿಲ್ಲ. ವಾಯ್ಸ್ ಮೆಸೇಜು ಕಳಿಸಿದರೆ ಅದಕ್ಕೂ ಉತ್ತರವಿಲ್ಲ. ಜಗಳೂರಿನ ಕಡೆ ಹೋಗುವವರನ್ನು ಕೇಳಿದರೆ, "ಅಂಗಡಿ ತೆಗ್ದೈತೆ, ಮನುಷ್ಯ ಅದಾನೆ, ಮಾತು ಕಮ್ಮಿ" ಅಂದರು. ಅದಕ್ಕೇ ಕಾಗದ. ಶಾಲೆ ಬಿಟ್ಟ ಮೇಲೆ ಇದೇ ಮೊದಲು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ಯಜಮಾನರು ಪ್ರವೀಣ್ ಕುಮಾರ್ ಜಪಾನಿನ ಆ ಬಿಳಿ ಟರ್ಬೊ ಕಾರು ತಂದಾಗ ಬ್ರೇಕು ನೋಡಲು ನೀವೇ ಬಂದಿದ್ದಿರಿ. ಅವರು ಎರಡು ಸಲ ಓಡಿಸಿ ಬೆನ್ನುನೋವು ಅಂತ ಕೈಬಿಟ್ಟರು. ಈಗ ಓಡಿಸುವವಳು ನಾನೇ. ವಾರವಿಡೀ ಅಡಿಕೆ ಮಂಡಿಯ ಕೆಲಸ, ಮನೆ, ಬಂದವರು ಹೋದವರು. ಭಾನುವಾರ ಬೆಳಿಗ್ಗೆ ಹೊನ್ನಾಳಿ ರಸ್ತೆಯಲ್ಲಿ ಒಂದು ಸುತ್ತು. ನನ್ನದು ಅಂತ ಇರುವುದು ಅಷ್ಟೇ.

ಎಂಜಿನ್ನಿನ ಕಂಪ್ಯೂಟರು ಇನ್ನೂ ಜಪಾನಿನ ಪೆಟ್ರೋಲಿಗೆ ಹೊಂದಿಸಿದ್ದು, ನಮ್ಮ ಪೆಟ್ರೋಲಿನಲ್ಲಿ ಹೀಗೇ ಓಡಿಸಿದರೆ ಎಂಜಿನ್ ಹಾಳಾಗುತ್ತದೆ ಅಂತ ಎಲ್ಲರೂ ಹೆದರಿಸುತ್ತಾರೆ. ಏನು ಮಾಡಬೇಕು ಅಂದರೆ ಮಾತ್ರ ಒಬ್ಬೊಬ್ಬರದು ಒಂದೊಂದು ರಾಗ. ಕಂಪ್ಯೂಟರನ್ನೇ ತೆಗೆದು ಹೊಸದು ಹಾಕಿ ಅನ್ನುತ್ತಾನೆ ಒಬ್ಬ. ಪಕ್ಕದಲ್ಲಿ ಇನ್ನೊಂದು ಸಣ್ಣ ಪೆಟ್ಟಿಗೆ ಜೋಡಿಸಿ ಅನ್ನುತ್ತಾನೆ ಇನ್ನೊಬ್ಬ. ಹಳೆಯದನ್ನೇ ತಿದ್ದಿಸಿ ಅನ್ನುವವನೂ ಇದ್ದಾನೆ. ನಮ್ಮವರು, "ಇಷ್ಟೆಲ್ಲಾ ಯಾಕೆ, ಮಾರಿಬಿಡಾಣ" ಅನ್ನುತ್ತಾರೆ. ಕೇಳಿ ಕೇಳಿ ಸಾಕಾಗಿದೆ. ನೀವು ಒಂದು ಮಾತು ಹೇಳಿ, ಅದನ್ನೇ ಮಾಡುತ್ತೇನೆ.

ರೂಪಶ್ರೀ

*

ಜಗಳೂರು
18 ಜೂನ್ 2024

ರೂಪಕ್ಕನವರಿಗೆ ದುರುಗೇಶನ ನಮಸ್ಕಾರ.

ನಿಮಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ನನ್ನ ಕಿವಿ ಹೋಗಿದೆ. ಎಡಗಿವಿ ಮೊದಲೇ ಹೋಗಿತ್ತು, ಈ ಬೇಸಿಗೆಯಲ್ಲಿ ಬಲಗಿವಿಯೂ ಹೋಯಿತು. ಇಷ್ಟು ವರ್ಷ ಎಂಜಿನ್ನಿನ ಮೇಲೆ ಬಗ್ಗಿದ್ದಕ್ಕೆ ಸಿಕ್ಕ ಸಂಭಾವನೆ ಇದು ಅಂತ ಡಾಕ್ಟರು ನಕ್ಕರು. ಮಷಿನ್ನು ಹಾಕಿಕೊಂಡರೂ ಸುಮ್ಮನೆ ಗುಂಯ್ ಅನ್ನುತ್ತದೆ. ನನ್ನ ಹೆಂಡತಿ ದುರ್ಗಾಂಬಿಕಾಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಗಿರಾಕಿಗಳು ನಾನು ಸಿಡುಕನಾಗಿದ್ದೇನೆ ಅಂದುಕೊಂಡಿದ್ದಾರೆ, ಅಂದುಕೊಳ್ಳಲಿ. ಎಂಜಿನ್ ಸರಿಯೋ ತಪ್ಪೋ ಅನ್ನುವುದನ್ನು ಕಿವಿಯಲ್ಲೇ ಹಿಡಿಯುತ್ತಿದ್ದವನು ಕಿವುಡನಾದ ಅಂತ ಗೊತ್ತಾದರೆ ಆವತ್ತೇ ಅಂಗಡಿ ಮುಚ್ಚಬೇಕು.

ನಿಮ್ಮ ಕಾರಿನ ಮಾತು. ಎಂಜಿನ್ನಿನ ಕಂಪ್ಯೂಟರನ್ನು ನಿಮ್ಮ ಮಂಡಿಯ ಗುಮಾಸ್ತ ಅಂದುಕೊಳ್ಳಿ. ಅವನನ್ನು ತೆಗೆದು ಹೊಸಬನನ್ನು ಇಡಬಹುದು. ಆದರೆ ಹೊಸಬನಿಗೆ ಎಲ್ಲವನ್ನೂ ಮೊದಲಿಂದ ಕಲಿಸಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ. ಪಕ್ಕದಲ್ಲಿ ಪೆಟ್ಟಿಗೆ ಇಡುವುದು ಅಂದರೆ ಗುಮಾಸ್ತನ ಕಿವಿಯಲ್ಲಿ ಸುಳ್ಳು ಊದಲು ಒಬ್ಬನನ್ನು ಕೂರಿಸಿದಂತೆ. ಕೆಲಸ ಬೇಗ ಆಗುತ್ತದೆ, ಒಂದು ದಿನ ಸಿಕ್ಕಿಬೀಳುತ್ತಾನೆ. ಇದ್ದವನನ್ನೇ ತಿದ್ದುವುದು ನನಗೆ ಹಿಡಿಸಿದ ದಾರಿ. ನಿಮ್ಮ ಕಾರಿಗೆ ಅದು ಸಾಕು.

ಒಪ್ಪಿದರೆ ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿಸಿ ಬಸ್ಸಿಗೆ ಹಾಕಿ. ನಾನು ಅಲ್ಲಿಗೆ ಬರುವುದಿಲ್ಲ. ಬಂದು ಪಕ್ಕದಲ್ಲಿ ಕೂತರೂ ಏನೂ ಕೇಳಿಸುವುದಿಲ್ಲ, ಜನರಿಗೂ ಗೊತ್ತಾಗುತ್ತದೆ. ಮೆಸೇಜು ಹಾಕಿ ಅನ್ನಬೇಡಿ, ಬೆರಳಿಗೆ ಒಗ್ಗುವುದಿಲ್ಲ. ಪೆಟ್ಟಿಗೆಯ ಜೊತೆ ಕಾಗದ ಇಡಿ.

ಇನ್ನೊಂದು ಮಾತು. ಬೇರೆಯವರ ಕಿವಿ ನಂಬಿ ಈ ಕೆಲಸ ಮಾಡಲು ಆಗುತ್ತದೋ ಇಲ್ಲವೋ ಅಂತ ನಿಮ್ಮ ಕಾರಿನಲ್ಲಿ ನೋಡಿಬಿಡುತ್ತೇನೆ. ಆಯಿತು ಅಂದರೆ ಈ ಕಸುಬಿನಲ್ಲಿ ಇರುತ್ತೇನೆ. ಇಲ್ಲವಾದರೆ ಲ್ಯಾಪ್‌ಟಾಪು ಮುಚ್ಚಿ ಬೇರೆ ಕೆಲಸ ಹುಡುಕುತ್ತೇನೆ. ನಿಮ್ಮ ಮೇಲೆ ಭಾರ ಹಾಕುತ್ತಿಲ್ಲ. ಗೊತ್ತಿರಲಿ ಅಂತ ಬರೆದೆ.

ದುರುಗೇಶ್

*

ಚನ್ನಗಿರಿ
30 ಜೂನ್ 2024

ದುರುಗೇಶಣ್ಣ,

ನಿಮ್ಮ ಕಾಗದ ಓದಿ ಬಹಳ ಸಂಕಟವಾಯಿತು. ಅಯ್ಯೋ ಪಾಪ ಅಂದರೆ ನೀವು ಇನ್ನೊಂದು ಕಾಗದ ಬರೆಯುವುದಿಲ್ಲ ಅಂತ ಗೊತ್ತು, ಅದಕ್ಕೆ ಅನ್ನುವುದಿಲ್ಲ.

ಪೆಟ್ಟಿಗೆ ಕಳಿಸಿದ್ದೇನೆ. ಇಲ್ಲಿನ ಎಲೆಕ್ಟ್ರಿಷಿಯನ್ ಬಿಚ್ಚಿಕೊಟ್ಟ. ದಾವಣಗೆರೆಯಲ್ಲಿ ಜಗಳೂರು ಬಸ್ಸಿನ ಕಂಡಕ್ಟರು ಪಾಲಣ್ಣನ ಕೈಗೇ ಕೊಡಿ ಅಂತ ಹೇಳಿ ಕಳಿಸಿದ್ದೇನೆ. ಪೆಟ್ಟಿಗೆ ಬರುವ ತನಕ ಕಾರು ಗೋಡೌನಿನಲ್ಲಿ ಅಡಿಕೆ ಚೀಲಗಳ ಜೊತೆ ಮಲಗಿರುತ್ತದೆ.

ಗುಮಾಸ್ತನ ಮಾತು ನಮ್ಮವರಿಗೆ ಓದಿ ಹೇಳಿದೆ. "ನಮ್ ಗುಮಾಸ್ತನ್ನ ತಿದ್ದಾಕೆ ಆಗೈತಾ? ಅದನ್ನ ಕೇಳು ಅವ್ರಿಗೆ" ಅಂದರು. ಕಿವಿಯ ವಿಷಯ ಹೇಳಿಲ್ಲ, ಹೇಳುವುದೂ ಇಲ್ಲ.

ರೂಪಶ್ರೀ

*

ಜಗಳೂರು
12 ಜುಲೈ 2024

ರೂಪಕ್ಕನವರಿಗೆ,

ಪೆಟ್ಟಿಗೆ ವಾಪಸು ಕಳಿಸಿದ್ದೇನೆ. ನಮ್ಮ ಪೆಟ್ರೋಲಿಗೆ ತಕ್ಕಂತೆ ಕಿಡಿ ಹೊತ್ತುವ ಸಮಯ ತಿದ್ದಿದ್ದೇನೆ, ಟರ್ಬೊದ ಗಾಳಿ ಸ್ವಲ್ಪ ಇಳಿಸಿದ್ದೇನೆ. ಚೆನ್ನಾಗಿ ಬಂದಿದೆ ಅಂತ ನನ್ನ ಮನಸ್ಸು ಹೇಳುತ್ತದೆ. ಮನಸ್ಸು ಹೇಳಿದ್ದಕ್ಕೆ ಸಾಕ್ಷಿ ನೀವು ಕೊಡಬೇಕು.

ಎಂಜಿನ್ ಬಿಸಿಯಾದ ಮೇಲೆ ಖಾಲಿ ರಸ್ತೆಯಲ್ಲಿ ಮೂರನೇ ಗೇರಿಗೆ ಹಾಕಿ ಪೂರ್ತಿ ಒತ್ತಿ. ನಾಕು ಬಂದರೆ ಕಾಲು ತೆಗೆಯಿರಿ. ತಕ್ಷಣ ತೆಗೆಯಬೇಕು. ನಾಕು ಬಂದ ಮೇಲೂ ಒತ್ತುತ್ತ ಹೋದರೆ ಪಿಸ್ಟನ್ ಒಡೆದು ಎಂಜಿನ್ ಹೋಗುತ್ತದೆ. ಐದಾರು ಸಲ ಹೀಗೆ ಮಾಡಿ, ನಾಕು ಬಂತೋ ಇಲ್ಲವೋ ಬರೆಯಿರಿ. ಅಷ್ಟು ಗೊತ್ತಾದರೆ ಮುಂದಿನದು ನಾನು ನೋಡಿಕೊಳ್ಳುತ್ತೇನೆ.

ದುರುಗೇಶ್

*

ಚನ್ನಗಿರಿ
21 ಜುಲೈ 2024

ದುರುಗೇಶಣ್ಣ,

ನೀವು ಹೇಳಿದ ಹಾಗೆಯೇ ಮಾಡಿದೆ. ಕಾರು ಎಷ್ಟು ಹಗುರಾಗಿದೆ ಅಂದರೆ ಮೂರನೇ ಗೇರಿನಲ್ಲಿ ಒತ್ತಿದ ಕೂಡಲೇ ನಾಕು ಬಂತು. ಕಾಲು ತೆಗೆದೆ. ಮತ್ತೆ ಒತ್ತಿದೆ, ಮತ್ತೆ ಬಂತು. ಪ್ರತಿ ಸಲವೂ ಬಂತು. ಒಂದು ಸಲವೂ ತಪ್ಪಲಿಲ್ಲ.

ಎಂಜಿನ್ನಿನ ಶಬ್ದ ಸಿಹಿಯಾಗಿದೆ. ನೀವು ಕೇಳಬೇಕಿತ್ತು ಅಂತ ಬರೆಯಲು ಹೊರಟಿದ್ದೆ, ಕೈ ತಡೆಯಿತು. ಬರೆದೇ ಬಿಟ್ಟೆನಲ್ಲ, ಕ್ಷಮಿಸಿ.

ರೂಪಶ್ರೀ

*

ಜಗಳೂರು
30 ಜುಲೈ 2024

ರೂಪಕ್ಕನವರಿಗೆ,

ನಿಮ್ಮ ಕಾಗದ ಬಂದ ಮೇಲೆ ನನಗೆ ಊಟ ಸೇರಲಿಲ್ಲ. ಒತ್ತಿದ ಕೂಡಲೇ, ಅದೂ ಪ್ರತಿ ಸಲ. ಇಷ್ಟು ಕೆಟ್ಟದಾಗಿ ನಾನು ಯಾವ ಕಾರಿಗೂ ಮಾಡಿದವನಲ್ಲ. ನೀವು ಜಾಣೆ, ತಕ್ಷಣ ಕಾಲು ತೆಗೆದಿರಿ. ಬೇರೆಯವರಾಗಿದ್ದರೆ ಎಂಜಿನ್ ಅಲ್ಲೇ ಕೂರುತ್ತಿತ್ತು.

ಶಬ್ದ ಸಿಹಿಯಾಗಿದೆ ಅಂತ ಬರೆದದ್ದು ನನ್ನ ಸಮಾಧಾನಕ್ಕೆ ಅಂತ ಗೊತ್ತಾಗುತ್ತದೆ. ನಿಮ್ಮ ಒಳ್ಳೆಯತನ. ಆದರೆ ಇನ್ನು ಮುಂದೆ ನನಗೆ ಸಮಾಧಾನ ಬೇಡ, ಇದ್ದದ್ದು ಇದ್ದ ಹಾಗೆ ಬರೆಯಿರಿ.

ಈಗಿರುವ ಪೆಟ್ರೋಲು ಖಾಲಿ ಮಾಡಿ, ಶಿವಮೊಗ್ಗದಲ್ಲಿ ದುಬಾರಿ ಪೆಟ್ರೋಲು ತುಂಬಿಸಿ. ಪ್ಲಗ್ಗು ಬದಲಿಸಿ. ಪೆಟ್ಟಿಗೆ ಕಳಿಸಿ, ಕಿಡಿಯನ್ನು ಇನ್ನಷ್ಟು ತಡ ಮಾಡುತ್ತೇನೆ. ಕಾರಿನ ಚುರುಕು ಸ್ವಲ್ಪ ಹೋಗುತ್ತದೆ. ಎಂಜಿನ್ ಉಳಿಯುವುದು ಮುಖ್ಯ.

ದುರುಗೇಶ್

*

ಚನ್ನಗಿರಿ
25 ಆಗಸ್ಟ್ 2024

ದುರುಗೇಶಣ್ಣ,

ಕೆಟ್ಟದು ಅಂತ ಯಾಕೆ ಬರೆದಿರೋ ನನಗೆ ತಿಳಿಯಲಿಲ್ಲ. ನಿಮ್ಮ ಕಸುಬಿನ ಒಳಗುಟ್ಟು ನಿಮಗೇ ಗೊತ್ತು, ಕೇಳಿದರೆ ದಡ್ಡಿ ಅಂದುಕೊಂಡೀರಿ ಅಂತ ಸುಮ್ಮನಿದ್ದೆ.

ಶಿವಮೊಗ್ಗದ ಪೆಟ್ರೋಲು ತುಂಬಿಸಿದೆ, ಪ್ಲಗ್ಗೂ ಹೊಸದು. ನೀವು ಎರಡನೇ ಸಲ ತಿದ್ದಿದ ಪೆಟ್ಟಿಗೆ ಹಾಕಿ ಓಡಿಸಿದೆ. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಈಗಲೂ ಪ್ರತಿ ಸಲ ನಾಕು ಬರುತ್ತದೆ. ಆದರೆ ಮೊದಲಿನ ಹಾಗೆ ಒತ್ತಿದ ಕೂಡಲೇ ಅಲ್ಲ, ಬರಲು ಹೊತ್ತು ಹಿಡಿಯುತ್ತದೆ. ಕಾರು ಮಂಕಾಗಿದೆ. ಹೊನ್ನಾಳಿ ರಸ್ತೆಯ ಏರಿನಲ್ಲಿ ಒಂದು ಟಾಟಾ ಏಸ್ ನನ್ನನ್ನು ದಾಟಿ ಹೋಯಿತು. ಹಿಂದೆ ಕುರಿ ತುಂಬಿದ್ದ. ಕುರಿಗಳೆಲ್ಲ ನನ್ನ ಕಡೆಗೇ ನೋಡುತ್ತಿದ್ದವು.

ರೂಪಶ್ರೀ

*

ಜಗಳೂರು
3 ಸೆಪ್ಟೆಂಬರ್ 2024

ರೂಪಕ್ಕನವರಿಗೆ,

ನಾಕು ಬರಲು ಹೊತ್ತು ಹಿಡಿಯುತ್ತದೆ ಅಂತ ಬರೆದಿದ್ದೀರಲ್ಲ, ಆ ಒಂದು ಸಾಲು ಸಾಕು. ಈ ಮನೆಯಲ್ಲಿ ತುಂಬಾ ದಿನದ ಮೇಲೆ ನಾನು ನಕ್ಕಿದ್ದು ಅಂತ ದುರ್ಗಾಂಬಿಕಾ ಅಂದಳು. ಅವಳ ಬಾಯಿ ನೋಡಿ ಮಾತು ಹಿಡಿಯುವುದನ್ನು ಸುಮಾರಾಗಿ ಕಲಿತಿದ್ದೇನೆ. ದಾರಿ ಸರಿಯಾಗಿದೆ. ಕಿಡಿಯನ್ನು ಇನ್ನಷ್ಟು ತಡ ಮಾಡಿದರೆ ನಾಕು ಪೂರ್ತಿ ನಿಲ್ಲಬೇಕು.

ಮಂಕಾಗಿದೆ ಅಂತ ಬೇಜಾರು ಬೇಡ. ಒಮ್ಮೆ ನಾಕು ನಿಂತರೆ ಚುರುಕನ್ನು ಒಂದೊಂದೇ ಹೆಜ್ಜೆ ವಾಪಸು ತರುತ್ತೇನೆ. ಪೆಟ್ಟಿಗೆ ಕಳಿಸಿ.

ಕುರಿಗಳು ನೋಡಿದರೆ ನೋಡಲಿ, ನಮ್ಮೂರಿನವೇ ಇರಬೇಕು.

ದುರುಗೇಶ್

*

ಚನ್ನಗಿರಿ
13 ಅಕ್ಟೋಬರ್ 2024

ದುರುಗೇಶಣ್ಣ,

ಬೇಗ ಬರೆಯಲಿಲ್ಲ. ಮಂಡಿಯಲ್ಲಿ ಹೊಸ ಅಡಿಕೆ ಬರುತ್ತಿದೆ ಅಂತ ನೆಪ ಹೇಳಬಹುದು. ನಿಜ ಅಂದರೆ ಬರೆಯಲು ಮನಸ್ಸು ಬರಲಿಲ್ಲ.

ಮೂರನೇ ಸಲ ತಿದ್ದಿದ ಪೆಟ್ಟಿಗೆ ಹಾಕಿದ ಮೇಲೆ ಈ ಕಾರು ಶಾಲೆ ಮಕ್ಕಳ ವ್ಯಾನಿನ ಹಾಗಾಗಿದೆ. ಒತ್ತಿದರೆ ಯೋಚನೆ ಮಾಡುತ್ತದೆ. ಆದರೂ ನಾಕು ಬಂತು. ಕಷ್ಟಪಟ್ಟು, ಏದುಸಿರು ಬಿಟ್ಟುಕೊಂಡು, ಆದರೂ ಬಂತೇ ಬಂತು. ನಿಲ್ಲಬೇಕು ಅಂತ ನೀವು ಬರೆದಿದ್ದಿರಿ, ನಿಲ್ಲಲಿಲ್ಲ. ನಾಕೇ ಬರದ ಕಾರು ಇಟ್ಟುಕೊಂಡು ನಾನಾದರೂ ಏನು ಮಾಡಲಿ ಅಂತ ಕೇಳಬೇಕು ಅನಿಸಿತು, ಕೇಳುವುದಿಲ್ಲ.

ನಮ್ಮವರು ಪಕ್ಕದಲ್ಲಿ ಕೂತಿದ್ದರು. "ಇದಕ್ಕಿಂತ ನಮ್ ಸ್ಕೂಟಿ ವಾಸಿ ಐತೆ ಕಣೇ, ಬಿಟ್ಬಿಡು" ಅಂದರು. ನನಗೆ ಅಳು ಬಂತು. ಮಾರುವ ಮಾತು ಮತ್ತೆ ಶುರುವಾಗಿದೆ. ಹಳೆಯ ಗುಮಾಸ್ತನನ್ನು ತೆಗೆದು ಹೊಸಬನನ್ನೇ ಇಡೋಣವೇ? ಬೇರೆ ಯಾರಾದರೂ ಮಾಡುವುದಾದರೂ ಸರಿ. ತಪ್ಪು ತಿಳಿಯಬೇಡಿ. ನನಗೂ ಸಾಕಾಗಿದೆ.

ರೂಪಶ್ರೀ

*

ಜಗಳೂರು
24 ಅಕ್ಟೋಬರ್ 2024

ರೂಪಕ್ಕನವರಿಗೆ,

ತಪ್ಪು ತಿಳಿಯುವುದೇನಿದೆ. ನೀವು ಹೇಳಿದ್ದು ಸರಿ.

ಕಿಡಿಯನ್ನು ಅಷ್ಟು ತಡ ಮಾಡಿದ ಮೇಲೂ ನಾಕು ಬರುತ್ತದೆ ಅಂದರೆ ಕಾರಿನಲ್ಲಿ ದೋಷವಿಲ್ಲ, ನನ್ನ ಕೈಯಲ್ಲಿದೆ. ಪೆಟ್ಟಿಗೆಯೊಳಗೆ ಎಲ್ಲೋ ಏನೋ ತಪ್ಪು ಬರೆಯುತ್ತಿದ್ದೇನೆ, ಯಾವುದು ಅಂತ ನನಗೆ ಕಾಣುವುದಿಲ್ಲ. ಕಿವಿ ಹೋದಾಗ ಕಿವಿ ತಾನೇ ಅಂದುಕೊಂಡಿದ್ದೆ. ಅದರ ಜೊತೆ ಕೈಯೂ ಹೋಯಿತು ಅಂತ ಈಗ ಗೊತ್ತಾಯಿತು. ಕಿವಿಯ ವಿಷಯ ಎಲ್ಲರಿಗೂ ಹೇಳಿಬಿಟ್ಟೆ. ಹೇಳಿದ ಮೇಲೆ ಭಾರ ಇಳಿಯುತ್ತದೆ ಅನ್ನುತ್ತಾರೆ, ನನಗೇನೂ ಇಳಿಯಲಿಲ್ಲ.

ನ್ಯಾಮತಿಯಲ್ಲಿ ವಿನಯ್ ಕುಮಾರ್ ಅಂತ ಒಬ್ಬರು ಗ್ಯಾರೇಜು ಇಟ್ಟಿದ್ದಾರೆ. ಹಿಂದೆ ನನ್ನ ಜೊತೆ ಕೆಲಸ ಮಾಡಿದವರು, ಒಳ್ಳೆಯ ಕಿವಿ. ಲ್ಯಾಪ್‌ಟಾಪು, ಕೇಬಲ್ಲು, ಎಂಜಿನ್ ಆಲಿಸುವ ಹೆಡ್‌ಫೋನು, ಎಲ್ಲವನ್ನೂ ಅವರಿಗೆ ಮಾರಿದೆ. ನಿಮ್ಮ ಕಾರು ಮೊದಲು ನೋಡಿ ಅಂತ ಹೇಳಿದ್ದೇನೆ. ಪೆಟ್ಟಿಗೆ ನಿಮ್ಮ ಹತ್ತಿರವೇ ಇರಲಿ, ಅವರು ಬರುತ್ತಾರೆ.

ನಾನು ಮೆಕ್ಕೆಜೋಳ ಬಿಡಿಸುವ ಮಷಿನ್ನಿನ ಜೊತೆ ಹೋಗುತ್ತಿದ್ದೇನೆ. ಕಣದಿಂದ ಕಣಕ್ಕೆ ಓಡಾಟ. ಮಷಿನ್ನು ಶುರುವಾದರೆ ಅಲ್ಲಿ ಯಾರಿಗೂ ಏನೂ ಕೇಳಿಸುವುದಿಲ್ಲ. ಎಲ್ಲರೂ ಕೈಸನ್ನೆಯಲ್ಲೇ ಮಾತಾಡುತ್ತಾರೆ. ಅಷ್ಟು ಹೊತ್ತು ಎಲ್ಲರೂ ನನ್ನ ಹಾಗೆಯೇ.

ನಿಮ್ಮ ಭಾನುವಾರಗಳನ್ನು ಹಾಳು ಮಾಡಿದೆ. ಮನ್ನಿಸಬೇಕು.

ದುರುಗೇಶ್

*

ಚನ್ನಗಿರಿ
24 ನವೆಂಬರ್ 2024

ದುರುಗೇಶಣ್ಣ,

ಈ ಕಾಗದವನ್ನು ಎಲ್ಲಿದ್ದರೂ ನಿಂತು ಓದಿ. ಮಷಿನ್ನು ಓಡುತ್ತಿದ್ದರೆ ನಿಲ್ಲಿಸಲು ಹೇಳಿ.

ಇವತ್ತು ಬೆಳಿಗ್ಗೆ ವಿನಯ್ ಕುಮಾರ್ ಬಂದಿದ್ದರು. ಲ್ಯಾಪ್‌ಟಾಪು ತೊಡೆಯ ಮೇಲೆ, ನಿಮ್ಮ ಹೆಡ್‌ಫೋನು ಕಿವಿಗೆ. ನಾನು ಎಂದಿನಂತೆ ಮೂರನೇ ಗೇರಿನಲ್ಲಿ ಒತ್ತಿದೆ, ಎಂದಿನಂತೆ ಕಾಲು ತೆಗೆದೆ.

"ಯಾಕ್ರೀ ಅಕ್ಕಾ, ಬಿಟ್ರಿ?" ಅಂದರು.

"ನಾಕು ಬಂತಲ್ರೀ."

"ಎಲ್ಲಿ ಬಂತು? ನನ್ ಕಿವಿಗೇನೂ ಬೀಳ್ಲಿಲ್ಲ."

"ಕಿವಿಗ್ಯಾಕೆ ಬೀಳ್ಬೇಕು? ಮುಳ್ಳು ನೋಡ್ರಿ, ನಾಕಕ್ಕೆ ಬಂದಿತ್ತು."

ಅವರು ಎಂಜಿನ್ ಸುತ್ತು ತೋರಿಸುವ ಮೀಟರು ನೋಡಿದರು, ನನ್ನ ಮುಖ ನೋಡಿದರು. ನಗುತ್ತಾರೆ ಅಂದುಕೊಂಡೆ. ನಗಲಿಲ್ಲ. ಹೆಡ್‌ಫೋನು ತೆಗೆದು, ಮೆಲ್ಲಗೆ, "ಅಕ್ಕಾ, ನಾಕು ಅಂದ್ರೆ ಆ ನಾಕಲ್ಲ. ಪೆಟ್ರೋಲು ಹೊತ್ತುಗೆಟ್ಟು ಹೊತ್ಕೊಂಡು ಎಂಜಿನ್ ಒಳಗೆ ಕಟಕಟ ಅಂತ ಬಡಿತೈತಲ್ಲ, ಅದಕ್ಕೆ ನಾಕು ಅಂತೀವಿ. ಇಂಗ್ಲಿಷ್ ಮಾತು" ಅಂದರು.

ನಾನು ಕಾರನ್ನು ಬದಿಗೆ ನಿಲ್ಲಿಸಿ ಅತ್ತೆ. ಅವರು ಪಾಪ ಇಳಿದು ಹೋಗಿ ಮರದ ಕೆಳಗೆ ನಿಂತರು.

ದುರುಗೇಶಣ್ಣ, ಆ ಶಬ್ದ ಈ ಕಾರಿನಲ್ಲಿ ನಾನು ಯಾವತ್ತೂ ಕೇಳಿಲ್ಲ, ಒಂದು ಸಲವೂ. ಮುಳ್ಳು ನಾಲ್ಕು ಸಾವಿರಕ್ಕೆ ಬಂದರೆ ಕಾಲು ತೆಗೆಯಬೇಕು ಅಂತ ತಿಳಿದೆ. ನಾಲ್ಕನ್ನು ನಾಕು ಅಂತ ಬರೆದಿದ್ದೀರಿ ಅಂತ ಮೊದಲ ದಿನ ಒಬ್ಬಳೇ ನಕ್ಕಿದ್ದೆ. ಕಾಗದದಲ್ಲಿ ನಾನು ನಾಲ್ಕು ಅಂತ ಸರಿಯಾಗಿ ಬರೆದರೆ, ತಿದ್ದಿ ತೋರಿಸಿದ ಹಾಗಾಗುತ್ತದೆ, ನೀವು ನೊಂದುಕೊಳ್ಳುತ್ತೀರಿ ಅಂತ ನಿಮ್ಮ ಹಾಗೆಯೇ ಬರೆಯುತ್ತಾ ಬಂದೆ. ಒಂದೇ ಒಂದು ಸಲ ಒತ್ತಕ್ಷರ ಹಾಕಿದ್ದರೆ ನಿಮಗೆ ತಿಳಿದುಬಿಡುತ್ತಿತ್ತು. ಮರ್ಯಾದೆ ಮಾಡಲು ಹೋಗಿ ನಿಮ್ಮ ಅಂಗಡಿ ಮುಚ್ಚಿಸಿದೆ.

ನೀವು ಪೆಟ್ಟಿಗೆಗೆ ಬರೆದದ್ದೆಲ್ಲ ಆ ಲ್ಯಾಪ್‌ಟಾಪಿನಲ್ಲಿ ತಾರೀಖಿನ ಪ್ರಕಾರ ಇದೆ. ವಿನಯ್ ಕುಮಾರ್ ಜುಲೈ ತಿಂಗಳದ್ದನ್ನು, ನೀವು ಮೊಟ್ಟಮೊದಲು ಮಾಡಿದ್ದನ್ನು, ಹಾಗೆಯೇ ಹಾಕಿದರು. ಒತ್ತಿದೆ. ನಾಲ್ಕು ದಾಟಿತು, ಐದು ದಾಟಿತು, ಆರೂ ದಾಟಿತು. ಅವರು ಹೆಡ್‌ಫೋನು ಒತ್ತಿ ಹಿಡಿದುಕೊಂಡು ಕಣ್ಣು ಮುಚ್ಚಿ ಕೇಳುತ್ತಿದ್ದರು. ಎಷ್ಟು ಸಲ ಓಡಿಸಿದರೂ ಒಂದು ಬಡಿತ ಇಲ್ಲ. "ಇದ್ರಲ್ಲಿ ನಾನು ಮುಟ್ಟಾಕೆ ಏನೂ ಇಲ್ಲಕ್ಕಾ" ಅಂದರು.

ಕೇಳಿದಿರಾ? ನಿಮ್ಮ ಕೆಲಸ ಮೊದಲ ಸಲವೇ ಸರಿಯಿತ್ತು.

ಸಾಮಾನೆಲ್ಲ ವಾಪಸು ಕೊಡುತ್ತೇನೆ ಅಂತ ಅವರೇ ಹೇಳಿದರು. ನೀವು ಹೂಂ ಅಂದರೆ ನಾನೇ ಈ ಕಾರಿನಲ್ಲಿ ಹಾಕಿಕೊಂಡು ಜಗಳೂರಿಗೆ ಬರುತ್ತೇನೆ.

ರೂಪಶ್ರೀ

*

ಜಗಳೂರು
8 ಡಿಸೆಂಬರ್ 2024

ರೂಪಕ್ಕನವರಿಗೆ,

ನಿಮ್ಮ ಕಾಗದ ಕಣದಲ್ಲಿ ಸಿಕ್ಕಿತು. ಮಷಿನ್ನು ನಿಲ್ಲಿಸಲಿಲ್ಲ, ಅದು ನನ್ನ ಮಾತು ಕೇಳುವ ಮಷಿನ್ನಲ್ಲ. ಓದಿ ಮಡಚಿ ಜೇಬಿನಲ್ಲಿ ಇಟ್ಟುಕೊಂಡೆ. ಆಮೇಲೆ ಮಾಡಿದ ಕೆಲಸ ಯಾವುದೂ ನೆನಪಿಲ್ಲ.

ನೀವು ಅಳಬೇಡಿ. ಇದರಲ್ಲಿ ನಿಮ್ಮ ತಪ್ಪು ಎಷ್ಟೋ ನನ್ನದೂ ಅಷ್ಟೇ. ಗ್ಯಾರೇಜಿನಲ್ಲಿ ದಿನ ಬೆಳಗಾದರೆ ಆಡುವ ಮಾತು, ಎಲ್ಲರಿಗೂ ಗೊತ್ತಿರುತ್ತದೆ ಅಂದುಕೊಂಡೆ. ಶಬ್ದ ಸಿಹಿಯಾಗಿದೆ ಅಂತ ನೀವು ನಿಜವನ್ನೇ ಬರೆದಿದ್ದಿರಿ. ಕನಿಕರ ಅಂತ ನಾನೇ ಓದಿಕೊಂಡೆ. ನಾಕೇ ಬರದ ಕಾರು ಇಟ್ಟುಕೊಂಡು ಏನು ಮಾಡಲಿ ಅಂತ ಬರೆದಾಗಲಾದರೂ ತಿಳಿಯಬೇಕಿತ್ತು, ಬೇಸರದ ಮಾತು ಅಂದುಕೊಂಡೆ.

ಸಾಮಾನು ವಾಪಸು ಬೇಡ. ವಿನಯ್ ಕುಮಾರ್ ಅದನ್ನು ನಂಬಿ ಗಿರಾಕಿ ಹಿಡಿದಿದ್ದಾರೆ, ಕೊಟ್ಟದ್ದನ್ನು ಕಿತ್ತುಕೊಳ್ಳಲು ನನಗೆ ಮುಖವಿಲ್ಲ. ನನಗೂ ದಣಿವಾಗಿದೆ ಅಕ್ಕಾ. ಪ್ರತಿ ಸಲವೂ ಒಬ್ಬರ ಕಿವಿ ಬೇಡಿ ಕೆಲಸ ಮಾಡುವುದು ನನ್ನಿಂದ ಇನ್ನು ಆಗುವುದಿಲ್ಲ. ನೀವು ಓಡಿಸಿ. ಯಜಮಾನರು ಮಾರುತ್ತೇನೆ ಅಂದರೆ ಒಂದು ಭಾನುವಾರ ಪಕ್ಕದಲ್ಲಿ ಕೂರಿಸಿಕೊಂಡು ಪೂರ್ತಿ ಒತ್ತಿ, ಆಮೇಲೆ ಏನು ಹೇಳುತ್ತಾರೆ ನೋಡಿ.

ಸಂಜೆ ಮನೆಗೆ ಬಂದು ಕಾಗದವನ್ನು ದುರ್ಗಾಂಬಿಕಾ ಕೈಗೆ ಕೊಟ್ಟೆ. ಪೂರ್ತಿ ಓದಿದಳು. "ನಿಮ್ ಕೈ ಹೋಗಿಲ್ಲ ಅಂತ ನಾನು ಅವತ್ತೇ ಹೇಳಿದ್ದೆ. ನಿಮಗೆಲ್ಲಿ ಕೇಳ್ತೈತೆ" ಅಂದಳು. ನಗುತ್ತಿದ್ದಳು, ಕಣ್ಣೂ ಒರೆಸಿಕೊಂಡಳು.

ನೀವು ಬರೆದ ಆ ಒಂದು ಸಾಲನ್ನು, ಮೊದಲ ಸಲವೇ ಸರಿಯಿತ್ತು ಅನ್ನುವುದನ್ನು, ಜೋರಾಗಿ ಓದು ಅಂದೆ. ಓದಿದಳು. ಪಕ್ಕದ ಮನೆಯವರು ಬಾಗಿಲಿಗೆ ಬಂದು ನೋಡಿದರು, ಅಷ್ಟು ಜೋರಾಗಿ ಓದಿರಬೇಕು. ನಾನು ಅವಳ ಬಾಯಿಯನ್ನೇ ನೋಡುತ್ತಾ ಕೂತಿದ್ದೆ.

ಇನ್ನೊಂದು ಸಲ ಓದು ಅಂದೆ.

ದುರುಗೇಶ್